ಇಂಗ್ಲಿಷಿನೊಳಗಿನ ಫ್ರೆಂಚ್: ಎಲ್ಲಿ ನಾಲಿಗೆ ತಪ್ಪುತ್ತದೆ, ಎಲ್ಲಿ ಅರ್ಥ ತಪ್ಪುತ್ತದೆ

ಲಂಡನ್ನಿನಲ್ಲಿ ಸಂಗೀತ ಕಛೇರಿ ಮುಗಿದು ಇನ್ನೊಂದು ಹಾಡು ಬೇಕೆನಿಸಿದರೆ ಜನ 'ಆಂಕೋರ್' ಎಂದು ಕೂಗುತ್ತಾರೆ. ಪದ ಫ್ರೆಂಚಿನದೇ, ಅರ್ಥವೂ 'ಮತ್ತೆ' ಎಂದೇ. ಆದರೆ ಪ್ಯಾರಿಸ್ಸಿನ ಪ್ರೇಕ್ಷಕರು ಅದೇ ಆಸೆಗೆ ಕೂಗುವುದು 'ಬೀಸ್' ಎಂದು. ಅಮೆರಿಕದ ಮೆನುವಿನಲ್ಲಿ 'ಆಂತ್ರೇ' ಎಂದರೆ ಮುಖ್ಯ ಊಟ, ಫ್ರಾನ್ಸಿನಲ್ಲಿ ಊಟಕ್ಕೆ ಮುನ್ನ ಬಡಿಸುವ ತಿನಿಸು. ಅಮೆರಿಕನ್ನರು ಕೆಲಸದ ಅರ್ಜಿಗೆ ಲಗತ್ತಿಸುವ 'ರೆಝುಮೆ' ಫ್ರೆಂಚರಿಗೆ ಬರೀ ಸಾರಾಂಶ, ಅರ್ಜಿಯ ಜೊತೆ ಅವರು ಕೊಡುವುದು ಸಿವಿ. ಮಲಗುವ ಕೋಣೆಗೆ ಹೊಂದಿಕೊಂಡ ಬಚ್ಚಲುಮನೆಗೆ ಇಂಗ್ಲಿಷಿನವರು 'ಆನ್ ಸ್ವೀಟ್' ಎಂದರೆ, ಅದೇ ಅಕ್ಷರಗಳನ್ನು ಕೂಡಿಸಿ ಬರೆದ ಫ್ರೆಂಚ್ ಪದಕ್ಕೆ 'ಆಮೇಲೆ' ಎಂದರ್ಥ. ದ್ವಂದ್ವಾರ್ಥದ ಮಾತಿಗೆ ಬಳಸುವ 'ಡಬಲ್ ಆಂತಾಂದ್ರ' ಇಂದಿನ ಫ್ರೆಂಚಿನಲ್ಲಿ ಚಾಲ್ತಿಯಲ್ಲೇ ಇಲ್ಲ, ಅವರು 'ದೂಬ್ಲ್ ಸಾಂಸ್' ಅನ್ನುತ್ತಾರೆ. ಕಾವ್ಯನಾಮಕ್ಕೆ ಹೇಳುವ 'ನಾಮ್ ದ ಪ್ಲೂಮ್' ಅಂತೂ ಫ್ರೆಂಚ್ ಪದಗಳನ್ನು ಜೋಡಿಸಿ ಇಂಗ್ಲಿಷರೇ ಕಟ್ಟಿದ್ದು.

ಹಾಗಾಗಿ ಈ ಮಾತುಗಳನ್ನು ಫ್ರೆಂಚ್ ನಿಘಂಟು ನೋಡಿಕೊಂಡು ಕಲಿಯಲು ಹೊರಟರೆ ದಾರಿ ತಪ್ಪುತ್ತದೆ. ಇವು ಈಗ ಇಂಗ್ಲಿಷಿನ ಪದಗಳು, ಅರ್ಥವನ್ನು ಇಂಗ್ಲಿಷ್ ಬಳಕೆಯಿಂದಲೇ ತಿಳಿಯಬೇಕು. ಉಚ್ಚಾರ ಮತ್ತು ಬಹುವಚನದಲ್ಲಿ ಮಾತ್ರ ಫ್ರೆಂಚಿನ ಹಿಡಿತ ಪೂರ್ತಿ ಸಡಿಲಿಲ್ಲ. ಅದೂ ಎಲ್ಲ ಪದಗಳಲ್ಲಿ ಒಂದೇ ಸಮ ಇಲ್ಲ. ಓದಿ ಓದಿ ಇಂಗ್ಲಿಷ್ ಕಲಿತವರು ಎಡವುವುದು ಈ ಏರುಪೇರಿನಲ್ಲೇ.

ಒಂದು ಸೂಚನೆ. ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ 'ಶ'ಕಾರಕ್ಕೆ ನಾದ ಸೇರಿಸಿದಂಥ ಒಂದು ಧ್ವನಿಯಿದೆ, 'ಮೆಝರ್', 'ಪ್ಲೆಝರ್' ಪದಗಳ ನಡುವೆ ಬರುವಂಥದ್ದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಅದನ್ನೂ, 'ಝೀಬ್ರಾ'ದ ಮೊದಲ ಧ್ವನಿಯನ್ನೂ ಇಲ್ಲಿ 'ಝ' ಎಂದೇ ಬರೆದಿದ್ದೇನೆ.

ಎರಡು ಸಲ ಬಂದ ಪದಗಳು

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯ, ಶ್ರೀಮಂತರ ಮನೆಗಳಲ್ಲಿ ಫ್ರೆಂಚ್ ನೆಲೆಯೂರಿತು. ಜನರಿಗೆ ಫ್ರೆಂಚ್ ತಿಳಿಯುತ್ತಿಲ್ಲ, ಆದ್ದರಿಂದ ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಲಿ ಎಂದು 1362ರಲ್ಲಿ ಕಾಯ್ದೆ ಬಂತು. ಆ ಕಾಯ್ದೆಯನ್ನು ಬರೆದದ್ದೂ ಫ್ರೆಂಚಿನಲ್ಲೇ! ನ್ಯಾಯಾಲಯದ ಕಾಗದಪತ್ರಗಳಿಂದ ಲ್ಯಾಟಿನ್ ಮತ್ತು ಫ್ರೆಂಚನ್ನು ಕಾನೂನಿನ ಮೂಲಕ ಹೊರಗಿಟ್ಟದ್ದು 1733ರಲ್ಲಿ. ಈ ಹಳೆಯ ಕಾಲದಲ್ಲಿ ಬಂದ ಜಡ್ಜ್, ಜ್ಯೂರಿ, ಟೇಬಲ್, ವಿಲೇಜ್ ಮೊದಲಾದವು ಇಂಗ್ಲಿಷಿನಲ್ಲಿ ಪೂರ್ತಿ ಕರಗಿಹೋಗಿವೆ. ಅವುಗಳ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ತೊಡಕು ಕೊಡುವುದು 17ನೇ ಶತಮಾನದಿಂದ ಈಚೆಗೆ ಬಂದವು. ಆಸ್ಥಾನದ ನಡವಳಿಕೆ, ರಾಜತಾಂತ್ರಿಕತೆ, ಸೈನ್ಯ, ಅಡುಗೆ, ಬ್ಯಾಲೆ, ಕೊನೆಗೆ ಮೋಟಾರು ಮತ್ತು ವಿಮಾನ. ವಿಮಾನದ ಒಡಲಿಗೆ ಹೇಳುವ ಫ್ಯೂಸಲಾಝ್, ರೆಕ್ಕೆಯ ಅಂಚಿನ ಏಲರಾನ್, ವಿಮಾನ ನಿಲ್ಲಿಸುವ ಹ್ಯಾಂಗರ್, ಮೂರೂ ಫ್ರೆಂಚಿನವೇ. ಇವು ಬರುವಾಗ ಫ್ರೆಂಚ್ ಉಚ್ಚಾರವನ್ನೂ ಸ್ವಲ್ಪ ಹೊತ್ತು ತಂದವು.

ಪದ ಹಳತೋ ಹೊಸತೋ ಎಂದು ಕಿವಿಯಿಂದಲೇ ಪತ್ತೆ ಮಾಡಬಹುದು. ಸಿ ಮತ್ತು ಎಚ್ ಅಕ್ಷರಗಳು ಒಟ್ಟಿಗೆ ಬಂದು 'ಚ' ಎಂದು ನುಡಿದರೆ ಹಳೆಯ ಸಾಲ: ಚೇಂಜ್, ಚಾನ್ಸ್, ಚಾರ್ಜ್, ಚ್ಯಾಪಲ್. 'ಶ' ಎಂದು ನುಡಿದರೆ ಈಚಿನದು: ಶಾಂಪೇನ್, ಶೋಫರ್, ಬ್ರೋಶರ್, ಪ್ಯಾರಾಶೂಟ್, ಶೀಕ್. ಚೀಫ್ ಮತ್ತು ಶೆಫ್ ಮೂಲದಲ್ಲಿ ಒಂದೇ ಪದ. ಮೊದಲನೆಯದು ಮಧ್ಯಯುಗದಲ್ಲಿ ಬಂದು 'ಮುಖ್ಯಸ್ಥ'ನಾಗಿ ಉಳಿಯಿತು, ಎರಡನೆಯದು 19ನೇ ಶತಮಾನದಲ್ಲಿ ಮತ್ತೆ ಬಂದು ಅಡುಗೆಮನೆಯ ಮುಖ್ಯಸ್ಥನಿಗೆ ಮೀಸಲಾಯಿತು. ಕೊನೆಯ ಧ್ವನಿಗೂ ಇದೇ ಪರೀಕ್ಷೆ. ವಿಲೇಜ್, ಕರೇಜ್ ಹಳೆಯವು, ಸಾಬೊಟಾಝ್, ಕ್ಯಾಮೊಫ್ಲಾಝ್ ಹೊಸವು. ಅಪರಿಚಿತ ಪದ ಎದುರಾದಾಗ ಅದು ಯಾವ ಕ್ಷೇತ್ರದ ಮಾತೆಂದು ನೋಡಿದರೆ ಸಾಕು. ಅಡುಗೆ, ಉಡುಪು, ನೃತ್ಯ, ರಾಜತಾಂತ್ರಿಕತೆಯದಾದರೆ ಹೊಸ ಉಚ್ಚಾರವೇ ಸರಿಯಾಗುವ ಸಾಧ್ಯತೆ ಹೆಚ್ಚು.

ಕೊನೆಯ ವ್ಯಂಜನ ಯಾವಾಗ ಮೌನ, ಯಾವಾಗ ಮಾತು

ಫ್ರೆಂಚ್ ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಮೌನ ಎಂಬುದು ಬಹಳ ಮಂದಿಗೆ ಗೊತ್ತು. ಬ್ಯಾಲೆ, ಬುಕೆ, ಡೆಪೋ, ರಪೋರ್ ಪದಗಳಲ್ಲಿ ಟಿ ಬರೆಯುತ್ತೇವೆ, ಹೇಳುವುದಿಲ್ಲ. ಡೆಬ್ರಿ ಪದದ ಎಸ್ ಅನ್ನೂ ಹೇಳುವುದಿಲ್ಲ. ಸೇನೆಯ ತುಕಡಿಗೆ ಹೇಳುವ 'ಕೋರ್' ಪದದಲ್ಲಿ ಪಿ, ಎಸ್ ಎರಡೂ ಮೌನ. ಅದನ್ನು ಬರೆದಂತೆಯೇ ಓದಿದರೆ ಕೇಳುವವರಿಗೆ ಹೆಣ ಎಂಬರ್ಥದ ಪದ ಕಿವಿಗೆ ಬೀಳುತ್ತದೆ.

ನಿಯಮದ ಉಳಿದರ್ಧವನ್ನು ಮರೆಯುವುದರಿಂದ ಇನ್ನೊಂದು ಬಗೆಯ ತಪ್ಪು ಆಗುತ್ತದೆ. ವ್ಯಂಜನದ ಮುಂದೆ ಇ ಅಕ್ಷರ ಇದ್ದರೆ ಆ ವ್ಯಂಜನವನ್ನು ಹೇಳಲೇಬೇಕು. ನರಳುತ್ತಿರುವ ಜೀವಕ್ಕೆ ಮುಕ್ತಿ ಕೊಡುವ ಕೊನೆಯ ಏಟಿಗೆ ಹೇಳುವ 'ಕೂ ದ ಗ್ರಾಸ್' ಇದಕ್ಕೆ ಒಳ್ಳೆಯ ಉದಾಹರಣೆ. 'ಕೂ' ಪದದ ಪಿ ಮೌನವಾಯಿತಲ್ಲ, ಆ ಹುಮ್ಮಸ್ಸಿನಲ್ಲೇ ಕೊನೆಯ ಸ್ ಅನ್ನೂ ನುಂಗಿ 'ಕೂ ದ ಗ್ರಾ' ಎನ್ನುವವರು ಟೀವಿಯ ಕ್ರೀಡಾ ವಿವರಣೆಯಲ್ಲೂ ಸಿಗುತ್ತಾರೆ. 'ಗ್ರಾಸ್' ಅಂದರೆ ಕೃಪೆ, ಕರುಣೆ. ಸ್ ಬಿಟ್ಟ 'ಗ್ರಾ' ಅಂದರೆ ಕೊಬ್ಬು. ಕರುಣೆಯ ಏಟು ಕೊಬ್ಬಿನ ಏಟಾಗಿಬಿಡುತ್ತದೆ. ಅಡುಗೆಗೆ ಮುನ್ನ ಎಲ್ಲವನ್ನೂ ಹೆಚ್ಚಿ, ಅಳೆದು, ಕೈಗೆಟುಕುವಂತೆ ಜೋಡಿಸಿಕೊಳ್ಳುವ 'ಮೀಝ್ ಆನ್ ಪ್ಲಾಸ್'ನಲ್ಲೂ ಕೊನೆಯ ಸ್ ಗಟ್ಟಿ. ತಣ್ಣಗೆ ಬಡಿಸುವ ಸೂಪು 'ವಿಶಿಸ್ವಾಝ್', 'ವಿಶಿಸ್ವಾ' ಅಲ್ಲ.

ಮೌನವಾಗಿದ್ದ ವ್ಯಂಜನ ಮುಂದೆ ಸ್ವರ ಬಂದಾಗ ಎದ್ದು ಕೂರುವುದೂ ಉಂಟು. 'ಸಂಬಂಧಿಸಿದಂತೆ' ಎಂಬರ್ಥದ 'ವೀಝ್ ಆ ವೀ' ಎಂಬ ಒಂದೇ ನುಡಿಗಟ್ಟಿನಲ್ಲಿ ಎರಡನ್ನೂ ಕಾಣಬಹುದು. ಮೊದಲ ಎಸ್ ಮುಂದೆ 'ಆ' ಇರುವುದರಿಂದ ಅದು ಝ್ ಆಗುತ್ತದೆ, ಕೊನೆಯ ಎಸ್ ಮುಂದೆ ಏನೂ ಇಲ್ಲದ್ದರಿಂದ ಮೌನ. 'ಆಗಿಹೋದ ಸಂಗತಿ' ಎಂಬರ್ಥದ 'ಫೆಟ್ ಅಕೊಂಪ್ಲಿ'ಯಲ್ಲಿ ಟ್ ಕೇಳಿಸುವುದಕ್ಕೂ ಇದೇ ಕಾರಣ.

ಸಿ, ಆರ್, ಎಫ್, ಎಲ್ ಈ ನಾಲ್ಕು ಪದದ ಕೊನೆಯಲ್ಲಿದ್ದರೆ ಬಹುಪಾಲು ಉಚ್ಚಾರವಾಗುತ್ತವೆ: ಶೀಕ್, ಶೆಫ್. ಇ ಮತ್ತು ಆರ್ ಒಟ್ಟಿಗೆ ಕೊನೆಯಲ್ಲಿದ್ದರೆ ಮಾತ್ರ ಬಹಳ ಕಡೆ ಆರ್ ಬಿದ್ದು 'ಏ' ಉಳಿಯುತ್ತದೆ: ಡಾಸಿಯೇ, ಅಟೆಲಿಯೇ, ಸೊಮೆಲ್ಯೇ.

ಫ್ರೆಂಚರಂತೆ ಹೇಳುವುದೇ ತಪ್ಪೆನಿಸುವ ಪದಗಳೂ ಇವೆ. ಮುಂದೆ ದಾರಿಯಿಲ್ಲದ ಬೀದಿಗೆ ಫ್ರೆಂಚರು 'ಕ್ಯು ದ ಸಾಕ್' ಎಂದು ಎಲ್ ನುಂಗುತ್ತಾರೆ, ಇಂಗ್ಲಿಷಿನಲ್ಲಿ 'ಕಲ್ ಡಿ ಸ್ಯಾಕ್' ಎಂದೇ ಹೇಳಬೇಕು. ಒಬ್ಬರ ವಿಶೇಷ ಸಾಮರ್ಥ್ಯಕ್ಕೆ ಹೇಳುವ ಪದ ಮೂಲದಲ್ಲಿ 'ಫೋರ್ಟ್' ಎಂದು ಒಂದೇ ಉಸಿರಿನದು. ಸಂಗೀತದ ಇಟಾಲಿಯನ್ ಪದದೊಂದಿಗೆ ಬೆರೆತು ಈಗ 'ಫೋರ್ಟೇ' ಎಂದೇ ಹೆಚ್ಚಾಗಿ ಕೇಳಿಬರುತ್ತದೆ. ಎರಡೂ ನಿಘಂಟುಗಳಲ್ಲಿವೆ, ಎರಡೂ ನಡೆಯುತ್ತವೆ. ಆದರೆ 'ಕ್ಯಾಶ್' ಮತ್ತು 'ಕ್ಯಾಶೇ' ಹಾಗಲ್ಲ. ಮೊದಲನೆಯದು ಬಚ್ಚಿಟ್ಟ ಸಂಗ್ರಹ, ಕಂಪ್ಯೂಟರಿನಲ್ಲಿ ಬೇಗ ಸಿಗಲೆಂದು ಇಟ್ಟುಕೊಂಡ ದತ್ತಾಂಶ. ಎರಡನೆಯದು ಪ್ರತಿಷ್ಠೆ, ಅದರ ಕಾಗುಣಿತದಲ್ಲಿ ಕೊನೆಗೊಂದು ಟಿ ಇದೆ. ಸರ್ವರಿನ 'ಕ್ಯಾಶೇ' ಅಳಿಸಿ ಎಂದು ಹೇಳುವುದನ್ನು ಬಿಟ್ಟುಬಿಡಿ.

ನಾಲಿಗೆಯನ್ನು ಎಷ್ಟು ಫ್ರೆಂಚ್ ಮಾಡಬೇಕು? ಇಂಗ್ಲಿಷ್ ವಾಕ್ಯದ ನಡುವೆ ಒಂದು ಪದಕ್ಕೆ ಮಾತ್ರ ಮೂಗಿನ ಸ್ವರ, ಗಂಟಲಿನ ರಕಾರ ತಂದರೆ ಮಾತು ಅಲ್ಲೇ ಮುಗ್ಗರಿಸುತ್ತದೆ. 'ಆನ್ ರೂಟ್' ಎಂದು ಇಂಗ್ಲಿಷಿನ ಧ್ವನಿಗಳಲ್ಲೇ ಹೇಳಿ, ಮೌನವಿರಬೇಕಾದ ಕಡೆ ಮೌನವಿದ್ದರೆ ಸಾಕು. ಒತ್ತು ಎಲ್ಲಿ ಎಂಬುದು ದೇಶದ ಮೇಲೆ ಹೋಗುತ್ತದೆ: ಬ್ಯಾಲೆ, ಕೆಫೆ ಪದಗಳನ್ನು ಬ್ರಿಟಿಷರು ಮೊದಲಲ್ಲಿ ಒತ್ತುತ್ತಾರೆ, ಅಮೆರಿಕನ್ನರು ಕೊನೆಯಲ್ಲಿ.

ಬಹುವಚನ ಮತ್ತು ಲಿಂಗ

ಹಲವು ಪದಗಳ ನುಡಿಗಟ್ಟಿಗೆ ಬಹುವಚನದ ಎಸ್ ಎಲ್ಲಿ ಹಚ್ಚಬೇಕು? ಮುಖ್ಯ ನಾಮಪದಕ್ಕೆ, ಅಂದರೆ ಸಾಮಾನ್ಯವಾಗಿ ಮೊದಲ ಪದಕ್ಕೆ. ಸೈನಿಕ ಕ್ರಾಂತಿಯ 'ಕೂ ದೆತಾ' ಬಹುವಚನದಲ್ಲಿ 'ಕೂ'ಗೆ ಎಸ್ ಪಡೆಯುತ್ತದೆ, ಉಚ್ಚಾರ ಬದಲಾಗುವುದಿಲ್ಲ. ಸೇನಾಧಿಕಾರಿಯ ಆಪ್ತ ಸಹಾಯಕನಿಗೆ ಹೇಳುವ 'ಏಡ್ ದ ಕಾಂ', 'ಇರುವುದಕ್ಕೆ ಕಾರಣ' ಎಂಬರ್ಥದ 'ರೆಝೋನ್ ದೆತ್ರ' ಕೂಡ ಹಾಗೆಯೇ. ನಾಮಪದದ ಜೊತೆ ಗುಣವಾಚಕವಿದ್ದರೆ ಎರಡಕ್ಕೂ ಎಸ್: ಫೆಟ್ ಅಕೊಂಪ್ಲಿ, ಬೆಟ್ ನ್ವಾರ್ (ಕಂಡರಾಗದ ವ್ಯಕ್ತಿ ಅಥವಾ ಸಂಗತಿ), ಫಾಮ್ ಫತಾಲ್ (ಮೋಹಿಸಿ ಕೆಡಿಸುವ ಹೆಣ್ಣು). ಹೊಸದಾಗಿ ಸಿರಿವಂತರಾದವರಿಗೆ ಹೇಳುವ 'ನೂವೋ ರೀಶ್'ನಲ್ಲಿ ಮೊದಲ ಪದಕ್ಕೆ ಎಕ್ಸ್, ಎರಡನೆಯದಕ್ಕೆ ಎಸ್.

ಅಟಾರ್ನಿ ಜನರಲ್, ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯ), ಏರ್ ಅಪ್ಯಾರೆಂಟ್ (ಮುಂದಿನ ವಾರಸುದಾರ) ಪದಗಳಲ್ಲಿ ಗುಣವಾಚಕ ಹಿಂದೆ ಬಂದದ್ದು ಕಾನೂನಿನ ಫ್ರೆಂಚಿನ ಪ್ರಭಾವದಿಂದ. ಆದ್ದರಿಂದಲೇ ಬಹುವಚನ 'ಅಟಾರ್ನೀಸ್ ಜನರಲ್', 'ಕೋರ್ಟ್ಸ್ ಮಾರ್ಷಲ್'. ಇಲ್ಲಿ 'ಜನರಲ್' ಸೇನಾಧಿಕಾರಿಯಲ್ಲ, 'ಸಾಮಾನ್ಯ' ಎಂಬ ಗುಣವಾಚಕ ಎಂದು ನೆನಪಿದ್ದರೆ ಎಸ್ ತಪ್ಪು ಜಾಗಕ್ಕೆ ಹೋಗುವುದಿಲ್ಲ.

ನಾಲ್ಕು ಜನರ ನಡುವಿನ ಎಡವಟ್ಟಿಗೆ ಹೇಳುವ 'ಫೋ ಪಾ' ವಿಶೇಷ. ಏಕವಚನ, ಬಹುವಚನ ಎರಡರ ಕಾಗುಣಿತವೂ ಒಂದೇ. ಬಾಯಲ್ಲಿ ಮಾತ್ರ ಒಂದಾದರೆ 'ಫೋ ಪಾ', ಹಲವಾದರೆ 'ಫೋ ಪಾಝ್'. ಇಬ್ಬರೇ ಕೂತು ಆಡುವ ಆಪ್ತ ಮಾತಿನ 'ಟೇಟ್ ಆ ಟೇಟ್'ನಂಥವು ಇಂಗ್ಲಿಷಾಗಿಬಿಟ್ಟಿವೆ, ಕೊನೆಗೊಂದು ಎಸ್ ಹಚ್ಚಿದರೆ ಮುಗಿಯಿತು.

ಲಿಂಗಭೇದ ಬರವಣಿಗೆಯಲ್ಲಿ ಇನ್ನೂ ಉಳಿದಿದೆ. ಮದುವೆ ನಿಶ್ಚಯವಾದ ಗಂಡಿಗೆ 'ಫಿಯಾನ್ಸೇ' ಬರೆಯುವಾಗ ಕೊನೆಯಲ್ಲಿ ಒಂದು ಇ, ಹೆಣ್ಣಿಗೆ ಎರಡು ಇ. ಉಚ್ಚಾರ ಒಂದೇ. 'ನೇ' ಎಂದರೆ 'ಹುಟ್ಟಿದ', ಮಹಿಳೆಯ ಹುಟ್ಟುಮನೆತನದ ಹೆಸರನ್ನು ಸೂಚಿಸಲು ಬಳಸುವುದು: ಮರಿ ಕ್ಯೂರಿ, ನೇ ಸ್ಕ್ಲೊಡೊವ್ಸ್ಕಾ. ಅದರ ಮುಂದೆ ಮನೆತನದ ಹೆಸರೊಂದನ್ನೇ ಹಾಕಬೇಕು, ಪೂರ್ತಿ ಹೆಸರನ್ನಲ್ಲ. ಗಂಡಸಿನ ಮೂಲ ಹೆಸರು ಹೇಳುವಾಗ ಒಂದೇ ಇ.

ಕಾಗುಣಿತದ ಒಂದು ಇ ಅರ್ಥವನ್ನೇ ಬದಲಿಸುವ ಇನ್ನೊಂದು ಜೋಡಿ 'ಮಾರಲ್' ಮತ್ತು 'ಮೊರಾಲ್'. ಇಂಗ್ಲಿಷಿನಲ್ಲಿ ಇ ಇಲ್ಲದ್ದು ನೀತಿ, ಇ ಇರುವುದು ತಂಡದ ಮನೋಬಲ. ಫ್ರೆಂಚಿನಲ್ಲಿ ಇದು ತಿರುವುಮುರುವು: ಇ ಇರುವುದು ನೀತಿ, ಇಲ್ಲದ್ದು ಮನೋಬಲ. ಎರಡೂ ಭಾಷೆ ಬಲ್ಲವರ ಕೈಯಲ್ಲೂ ಇದು ತಪ್ಪುವುದು ಅದಕ್ಕೇ.

ಮೇಡೇ: ಜೀವ ಉಳಿಸುವ ಫ್ರೆಂಚ್

ಅಲಂಕಾರಕ್ಕೆ ಬಳಸುವ ಫ್ರೆಂಚ್ ಬೇರೆ, ಕೆಲಸಕ್ಕೆ ಬರುವ ಫ್ರೆಂಚ್ ಬೇರೆ. ಎರಡನೆಯದಕ್ಕೆ ಸಮುದ್ರ ಮತ್ತು ಆಕಾಶದ ರೇಡಿಯೋ ಮಾತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅಪಾಯದಲ್ಲಿ ನೆರವಿಗೆ ಕರೆಯುವ 'ಮೇಡೇ' ಪದವನ್ನು ರೂಪಿಸಿದ ಶ್ರೇಯ 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಹಿರಿಯ ರೇಡಿಯೋ ಅಧಿಕಾರಿಯಾಗಿದ್ದ ಫ್ರೆಡರಿಕ್ ಸ್ಟ್ಯಾನ್ಲಿ ಮಾಕ್‌ಫೋರ್ಡ್ ಅವರದು. ಅಲ್ಲಿಂದ ಹಾರುತ್ತಿದ್ದ ವಿಮಾನಗಳಲ್ಲಿ ಬಹುಪಾಲು ಪ್ಯಾರಿಸ್ಸಿನ ಲ ಬೂರ್ಜೆ ನಿಲ್ದಾಣಕ್ಕೆ ಹೋಗಿಬರುವಂಥವು. ಎರಡೂ ಕಡೆಯವರಿಗೆ ತಟ್ಟನೆ ತಿಳಿಯುವ ಪದ ಬೇಕಿತ್ತು. ತಂತಿಯಲ್ಲಿ ನಡೆಯುತ್ತಿದ್ದ ಎಸ್‌ಓಎಸ್ ಬಾಯಿಮಾತಿಗೆ ಒಗ್ಗಲಿಲ್ಲ, ಗರಗರ ಸದ್ದಿನ ನಡುವೆ ಎಸ್ ಧ್ವನಿ ಸರಿಯಾಗಿ ಕೇಳುತ್ತಿರಲಿಲ್ಲ. 'ನನಗೆ ಸಹಾಯ ಮಾಡಲು' ಎಂಬರ್ಥದ ಫ್ರೆಂಚ್ ಮಾತು ಇಂಗ್ಲಿಷ್ ಕಿವಿಗೆ 'ಮೇಡೇ' ಎಂದು ಕೇಳುತ್ತದೆ. 1927ರ ವಾಷಿಂಗ್ಟನ್ ಅಂತಾರಾಷ್ಟ್ರೀಯ ರೇಡಿಯೋ ಒಪ್ಪಂದದಲ್ಲಿ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿತು.

ಇದರ ಜೊತೆ ಇನ್ನೆರಡು ಫ್ರೆಂಚ್ ಮೂಲದ ಕರೆಗಳಿವೆ. ಜೀವಕ್ಕೆ ಅಥವಾ ಹಡಗಿಗೆ ಗಂಭೀರ ಅಪಾಯ ಎದುರಾಗಿ ತಕ್ಷಣ ನೆರವು ಬೇಕಿದ್ದರೆ 'ಮೇಡೇ'. ತುರ್ತು ಇದೆ, ಆದರೆ ಮುಳುಗುವಂಥ ಅಪಾಯ ಈಗಲೇ ಇಲ್ಲ, ಎಂಜಿನ್ ಕೆಟ್ಟು ಹಡಗು ತೇಲುತ್ತಿದೆ ಎಂಬಂಥ ಸ್ಥಿತಿಯಲ್ಲಿ 'ಪಾನ್ ಪಾನ್'. ಇದು ಯಂತ್ರ ಕೆಡುವುದಕ್ಕೆ ಹೇಳುವ 'ಪಾನ್' ಎಂಬ ಫ್ರೆಂಚ್ ಪದ. ಹವಾಮಾನ ಅಥವಾ ಸಂಚಾರದ ಎಚ್ಚರಿಕೆ ಕೊಡುವುದಾದರೆ 'ಸೆಕ್ಯುರಿಟೇ', ಇಂಗ್ಲಿಷಿನ 'ಸೆಕ್ಯುರಿಟಿ' ಅಲ್ಲ. ಮೂರನ್ನೂ ಮೂರು ಮೂರು ಸಲ ಹೇಳಬೇಕು. ಬೇರೆ ಮಾತಿನ ಮಧ್ಯೆ ಆ ಪದ ಸುಮ್ಮನೆ ಬಂದದ್ದಲ್ಲ, ಇದು ಕರೆಯೇ ಎಂದು ಖಚಿತವಾಗಲು ಹಾಗೆ.

ಸಮುದ್ರದಲ್ಲಿ ಕರೆ ಕೊಡುವ ಕ್ರಮ ಹೀಗೆ. ವಿಎಚ್‌ಎಫ್ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್. ಮೊದಲು 'ಮೇಡೇ' ಮೂರು ಸಲ, ಹಡಗಿನ ಹೆಸರು ಮೂರು ಸಲ, ಕರೆ ಸಂಕೇತ. ಆಮೇಲೆ ಮತ್ತೊಂದು 'ಮೇಡೇ', ಹಡಗಿನ ಹೆಸರು, ಇರುವ ಜಾಗ, ಏನಾಗಿದೆ, ಯಾವ ನೆರವು ಬೇಕು, ಹಡಗಿನಲ್ಲಿ ಎಷ್ಟು ಜನ, ಕೊನೆಗೆ 'ಓವರ್'. ಜಾಗವನ್ನು ಮೊದಲು ಹೇಳುವುದಕ್ಕೆ ಕಾರಣವಿದೆ: ರೇಡಿಯೋ ಮಧ್ಯದಲ್ಲೇ ಸತ್ತರೂ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ನೆರವಿನ ಕೆಲಸ ನಡೆಯುವಾಗ ಬೇರೆಯವರು ಆ ಚಾನೆಲ್ಲಿನಲ್ಲಿ ಮಾತಾಡದಂತೆ ತಡೆಯಲು ನಿಯಂತ್ರಣ ಕೇಂದ್ರ ಹೇಳುವ ಮಾತು 'ಸೀಲಾನ್ಸ್ ಮೇಡೇ', ಎಲ್ಲ ಮುಗಿದ ಮೇಲೆ 'ಸೀಲಾನ್ಸ್ ಫೀನೀ'. ಸೈಲೆನ್ಸ್ ಪದದ ಫ್ರೆಂಚ್ ಉಚ್ಚಾರವನ್ನು ಇಂಗ್ಲಿಷ್ ನಾಲಿಗೆಗೆ ಹೊಂದುವಂತೆ ಕೈಪಿಡಿಗಳಲ್ಲಿ ಧ್ವನಿಯನ್ನೇ ಬರೆದಿಟ್ಟಿದ್ದಾರೆ. ಸಾಲ ಪಡೆದ ಮಾತು ತನ್ನ ಜಾಗದಲ್ಲಿ ಎಷ್ಟು ನೇರವಾಗಿ ಕೆಲಸ ಮಾಡಬಲ್ಲದೆಂದು ನೋಡಲು ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ಇಲ್ಲ.

ಕರಾರು, ನ್ಯಾಯಾಲಯ, ರಾಯಭಾರ ಕಚೇರಿ

'ಫೋರ್ಸ್ ಮಝರ್' ಕರಾರುಗಳಲ್ಲಿ ದಿನವೂ ಕಾಣುವ ಮಾತು: ಯುದ್ಧ, ಪ್ರವಾಹ, ಸಾಂಕ್ರಾಮಿಕದಂಥ, ಯಾರ ಕೈಯಲ್ಲೂ ಇಲ್ಲದ ಅಡ್ಡಿ. ಫ್ರಾನ್ಸಿನಲ್ಲಿ ಇದು ಕಾನೂನಿನಲ್ಲೇ ಇದೆ, ನಾಗರಿಕ ಸಂಹಿತೆಯ 1218ನೇ ವಿಧಿ. ಇಂಗ್ಲೆಂಡಿನ ಕಾನೂನಿನಲ್ಲಿ ಈ ಮಾತಿಗೆ ತಾನೇತಾನಾಗಿ ಬಲವಿಲ್ಲ. ಕರಾರಿನಲ್ಲಿ ಅದಕ್ಕೊಂದು ಷರತ್ತು ಬರೆದಿದ್ದರೆ ಮಾತ್ರ, ಬರೆದಷ್ಟು ಮಾತ್ರ. ಬರೆದಿಲ್ಲದಿದ್ದರೆ ಕರಾರು ಪಾಲಿಸುವುದೇ ಅಸಾಧ್ಯವಾದಾಗ ಅನ್ವಯಿಸುವ 'ಫ್ರಸ್ಟ್ರೇಶನ್' ಎಂಬ ಬಹಳ ಇಕ್ಕಟ್ಟಾದ ತತ್ತ್ವವೊಂದೇ ಗತಿ. ಆದ್ದರಿಂದ ಷರತ್ತನ್ನು ಓದುವಾಗ ನಾಲ್ಕು ಕಡೆ ಕಣ್ಣಿಡಬೇಕು. ಯಾವ ಘಟನೆಗಳನ್ನು ಹೆಸರಿಸಿದ್ದಾರೆ? ಘಟನೆ ಕೆಲಸವನ್ನು 'ತಡೆದಿರಬೇಕು' ಎಂದಿದೆಯೋ, 'ಅಡ್ಡಿ ಮಾಡಿದರೆ' ಸಾಕು ಎಂದಿದೆಯೋ? ಎಷ್ಟು ದಿನದೊಳಗೆ ನೋಟಿಸು ಕೊಡಬೇಕು? ಅಡ್ಡಿ ತೀರಾ ಎಳೆದಾಡಿದರೆ ಕರಾರು ಮುರಿಯಬಹುದೇ? ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನ ವ್ಯಾಜ್ಯಗಳು ಸಿಕ್ಕಿಕೊಳ್ಳುತ್ತವೆ. ಖರ್ಚು ಏರಿತು, ಲಾಭ ಹೋಯಿತು ಎಂಬುದಷ್ಟೇ ಸಾಮಾನ್ಯವಾಗಿ ಸಾಲುವುದಿಲ್ಲ.

'ವ್ವಾರ್ ಡೀರ್' ಮಾತಿನ ಮೊದಲ ಪದವನ್ನು 'ನೋಡು' ಎಂಬರ್ಥದ ಫ್ರೆಂಚ್ ಪದವೆಂದು ತಿಳಿಯುವುದು ಸಹಜ, ಅಕ್ಷರಗಳು ಅವೇ. ಆದರೆ ಇದು 'ಸತ್ಯ' ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಒಟ್ಟರ್ಥ 'ನಿಜ ಹೇಳುವುದು'. ಅಮೆರಿಕದಲ್ಲಿ ಜ್ಯೂರಿಗೆ ಕೂರಿಸುವ ಮುನ್ನ ಒಬ್ಬೊಬ್ಬರನ್ನೂ ಪ್ರಶ್ನಿಸುವ ಕ್ರಮಕ್ಕೆ ಈ ಹೆಸರು. ಇಂಗ್ಲೆಂಡಿನಲ್ಲಿ ಒಂದು ಸಾಕ್ಷ್ಯವನ್ನು ಒಪ್ಪಬಹುದೇ ಎಂದು ಜ್ಯೂರಿಯನ್ನು ಹೊರಗೆ ಕಳಿಸಿ ನಡೆಸುವ ಕಿರುವಿಚಾರಣೆಗೆ ಅದೇ ಹೆಸರು. ಧರ್ಮಾರ್ಥ ಇಟ್ಟ ಹಣದ ಮೂಲ ಉದ್ದೇಶ ಈಡೇರಿಸಲು ಆಗದಿದ್ದಾಗ, ಅದಕ್ಕೆ ಅತಿ ಹತ್ತಿರದ ಉದ್ದೇಶಕ್ಕೆ ನ್ಯಾಯಾಲಯ ಬಳಸಗೊಡುವ ತತ್ತ್ವ 'ಸೀ ಪ್ರೇ'.

ರಾಯಭಾರ ಕಚೇರಿಯ 'ನೋಟ್ ವರ್ಬಾಲ್' ಹೆಸರಿಗೆ ಬಾಯಿಮಾತಿನದು, ವಾಸ್ತವದಲ್ಲಿ ಕಾಗದದ್ದು. ಪ್ರಥಮ ಪುರುಷದಲ್ಲಿ ಬರೆಯುತ್ತಾರೆ, 'ನಾನು' ಇಲ್ಲ. ಇಂಥ ರಾಯಭಾರ ಕಚೇರಿ ಇಂಥ ಸಚಿವಾಲಯಕ್ಕೆ ವಂದನೆ ಸಲ್ಲಿಸಿ ತಿಳಿಸುವುದೇನೆಂದರೆ ಎಂದು ಶುರುವಾಗುತ್ತದೆ. ಕೊನೆಗೆ ಪೂರ್ತಿ ಸಹಿ ಹಾಕುವುದಿಲ್ಲ, ಕಿರುಸಹಿ ಮತ್ತು ಮುದ್ರೆ. ತನ್ನ ರಾಜಧಾನಿಯ ಸೂಚನೆಯಂತೆ ಇನ್ನೊಂದು ಸರ್ಕಾರದ ಮುಂದೆ ಅಧಿಕೃತವಾಗಿ ಬೇಡಿಕೆಯನ್ನೋ ಆಕ್ಷೇಪವನ್ನೋ ಇಡುವುದು 'ಡಿಮಾರ್ಶ್'.

ಪತ್ರಿಕೆಗಳು ಒಂದರ ಬದಲು ಇನ್ನೊಂದನ್ನು ಬಳಸುವ ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. 'ಡೇಟಾಂಟ್' ಎಂದರೆ ಬಿಗಿ ಸಡಿಲಿಸುವುದು. 1970ರ ದಶಕದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಹಾಗಿದ್ದವು, ಹಗೆತನ ಹೋಗಿರಲಿಲ್ಲ, ಅದರ ಬಿಗಿ ಕಡಿಮೆಯಾಗಿತ್ತು. 'ರಪ್ರೋಶ್‌ಮಾಂ' ಎಂದರೆ ದೂರವಾಗಿದ್ದವರು ಹತ್ತಿರ ಬರುವುದು, 1972ರಲ್ಲಿ ನಿಕ್ಸನ್ ಚೀನಾಕ್ಕೆ ಹೋದದ್ದು ಇದಕ್ಕೆ ಉದಾಹರಣೆ. 'ಆಂತಾಂತ್' ಎಂದರೆ ಪರಸ್ಪರ ತಿಳಿವಳಿಕೆಗೆ ಬರುವುದು, ಬ್ರಿಟನ್ ಮತ್ತು ಫ್ರಾನ್ಸ್ 1904ರಲ್ಲಿ ಮಾಡಿಕೊಂಡಂಥದ್ದು.

ದಿನಬಳಕೆಯ ಎಡವಟ್ಟುಗಳು

'ದಯವಿಟ್ಟು ಉತ್ತರಿಸಿ' ಎಂಬ ಫ್ರೆಂಚ್ ಮಾತಿನ ಕಿರುರೂಪವಾಗಿ ಆಮಂತ್ರಣದಲ್ಲಿ ಬರುವ ಆರ್‌ಎಸ್‌ವಿಪಿಯಲ್ಲಿ 'ದಯವಿಟ್ಟು' ಆಗಲೇ ಸೇರಿದೆ, ಅದಕ್ಕೆ ಮತ್ತೆ 'ಪ್ಲೀಸ್' ಹಚ್ಚಬೇಕಾಗಿಲ್ಲ. 'ಸೂಪ್ ದು ಝೂರ್' ಎಂದ ಮೇಲೆ 'ಆಫ್ ದ ಡೇ' ಬೇಡ. 'ಇನ್ ಲ್ಯೂ ಆಫ್' ಎಂದರೆ 'ಅದರ ಬದಲಿಗೆ' ಎಂದು ಮಾತ್ರ. 'ಆ ಕಾರಣದಿಂದ', 'ಅದರ ಜೊತೆಗೆ' ಎಂಬರ್ಥದಲ್ಲಿ ಕಚೇರಿಯ ಪತ್ರಗಳಲ್ಲಿ ಕಾಣುತ್ತದೆ, ಅದು ತಪ್ಪು. ವೇತನದ ಬದಲು ರಜೆ ಕೊಡುವ ಪತ್ರದಲ್ಲಿ ಈ ತಪ್ಪಾದರೆ ವೇತನವೂ ರಜೆಯೂ ಎರಡೂ ಸಿಗುತ್ತವೆಂದು ಓದುವವರು ತಿಳಿಯಬಹುದು. 'ರಿಸ್ಕೇ' ಎಂದರೆ ಅಪಾಯಕಾರಿ ಅಲ್ಲ, ಅಶ್ಲೀಲದ ಅಂಚಿಗೆ ಬಂದ ಮಾತು ಅಥವಾ ಉಡುಪು. 'ಸಾವ್ವಾರ್ ಫೇರ್' ಫ್ರೆಂಚಿನಲ್ಲಿ ಕೆಲಸದ ಕೌಶಲ, ಇಂಗ್ಲಿಷಿನಲ್ಲಿ ನಾಲ್ಕು ಜನರ ನಡುವೆ ಸೂಕ್ಷ್ಮವರಿತು ನಡೆದುಕೊಳ್ಳುವ ಚಾತುರ್ಯ. 'ಬೂರ್ಝ್ವಾ' ಗುಣವಾಚಕ ಅಥವಾ ಒಬ್ಬ ವ್ಯಕ್ತಿ, 'ಬೂರ್ಝ್ವಾಝಿ' ಇಡೀ ವರ್ಗ.

'ಟೂಶೇ' ಕತ್ತಿವರಸೆಯ ಮಾತು, 'ತಾಗಿತು' ಎಂದರ್ಥ. ಹೇಳುವವನು ಏಟು ತಿಂದವನು, ಕೊಟ್ಟವನಲ್ಲ. ವಾದದಲ್ಲಿ ಎದುರಾಳಿ ಚೆನ್ನಾಗಿ ಹೇಳಿದಾಗ ಒಪ್ಪಿಕೊಂಡು ಹೇಳಬೇಕಾದ ಇದನ್ನು ತಾನೇ ಗೆದ್ದ ಹುರುಪಿನಲ್ಲಿ ಕೂಗಿದರೆ ಮಾತು ತಲೆಕೆಳಗಾಗುತ್ತದೆ.

'ಡೇಝಾ ವೂ' ಪದವನ್ನು ಮನಶ್ಶಾಸ್ತ್ರದ ಅರ್ಥದಲ್ಲಿ 1876ರಷ್ಟು ಹಿಂದೆಯೇ ಬಳಸಿದವರು ಫ್ರೆಂಚ್ ತತ್ತ್ವಜ್ಞ ಎಮಿಲ್ ಬ್ವಾರಾಕ್. ಮೊದಲ ಸಲ ಕಾಣುತ್ತಿದ್ದರೂ ಹಿಂದೆ ಕಂಡಂತೆ ಅನಿಸುವುದು ಅದರ ತಿರುಳು. ನಿಜವಾಗಿ ಮರುಕಳಿಸಿದ ಘಟನೆಗೂ ಪತ್ರಿಕೆಗಳು ಇದನ್ನು ಬಳಸುತ್ತವೆ, ಆ ಬಳಕೆ ನಿಘಂಟಿಗೂ ಸೇರಿದೆ. ವೈದ್ಯಕೀಯ ಅಥವಾ ಮನಶ್ಶಾಸ್ತ್ರದ ಬರಹದಲ್ಲಿ ಮಾತ್ರ ಮೊದಲ ಅರ್ಥಕ್ಕೇ ಅಂಟಿಕೊಳ್ಳಿ.

ಬಳಸಬೇಕೇ ಬೇಡವೇ ಎಂಬ ಪ್ರಶ್ನೆಗೆ ನಾನು ಅನುಸರಿಸುವ ಕ್ರಮ ಸರಳ. ಆ ಜಾಗದಲ್ಲಿ ಸಾದಾ ಇಂಗ್ಲಿಷ್ ಪದ ಇಟ್ಟು ಓದುವುದು. ಏನೂ ಕಳೆದುಹೋಗದಿದ್ದರೆ ಸಾದಾ ಪದವೇ ಇರಲಿ. ಇಮೇಲಿನ 'ವೀಝ್ ಆ ವೀ' ಬಹುಪಾಲು 'ಅಬೌಟ್' ಆಗಬಲ್ಲದು. 'ಝ ನ ಸೆ ಕ್ವಾ' ಬರೆದವರು ಆ ವಿವರಿಸಲಾಗದ ಗುಣವನ್ನು ಇನ್ನೊಂದು ವಾಕ್ಯ ಖರ್ಚು ಮಾಡಿ ವಿವರಿಸಿದ್ದರೆ ಓದುಗರಿಗೆ ಹೆಚ್ಚು ಸಿಗುತ್ತಿತ್ತು. ಆದರೆ 'ಫೆಟ್ ಅಕೊಂಪ್ಲಿ' ತೆಗೆದರೆ, ಬೇರೆಯವರಿಗೆ ತಿಳಿಸದೆ ಮಾಡಿ ಮುಗಿಸಿ, ಈಗ ಒಪ್ಪಿಕೊಳ್ಳದೆ ವಿಧಿಯಿಲ್ಲದಂತೆ ಎದುರಿಗೆ ಇಟ್ಟದ್ದು ಎಂದು ಉದ್ದಕ್ಕೆ ಬರೆಯಬೇಕಾಗುತ್ತದೆ. ಅದು ಇರಲೇಬೇಕು. ತಕ್ಕ ಉತ್ತರ ಹೊತ್ತು ಮೀರಿದ ಮೇಲೆ ಹೊಳೆಯುವುದಕ್ಕೆ ಹೇಳುವ 'ಎಸ್ಪ್ರಿ ದ ಲೆಸ್ಕಾಲಿಯೇ' ಕೂಡ ಹಾಗೆಯೇ. ಮಹಡಿಯ ಕೂಟದಲ್ಲಿ ಬಾಯಿ ಕಟ್ಟಿ, ಮೆಟ್ಟಿಲಿಳಿದ ಮೇಲೆ ಬುದ್ಧಿ ಬರುವ ಈ ಅವಸ್ಥೆಯನ್ನು 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ದಿದೆರೋ ವರ್ಣಿಸಿದ್ದ. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಪದ ಇಲ್ಲ. ಆದರೆ ಓದುಗರಿಗೆ ಪರಿಚಯವಿಲ್ಲದಿದ್ದರೆ ಪಕ್ಕದಲ್ಲೇ ಅರ್ಥ ಹೇಳಬೇಕು.

ಚಿಹ್ನೆ, ಓರೆ ಅಕ್ಷರ, ಕೀಲಿಮಣೆ

ಸ್ವರದ ಮೇಲಿನ ಚಿಹ್ನೆಗಳು ರೋಲ್, ಎಲೀಟ್, ಹೋಟೆಲ್ ಪದಗಳಲ್ಲಿ ಉದುರಿಹೋಗಿವೆ, ಮತ್ತೆ ಹಚ್ಚುವುದು ಬೇಡ. ಚಿಹ್ನೆಯಿಲ್ಲದಿದ್ದರೆ ಬೇರೆ ಪದವೆಂದು ಓದಿಸಿಕೊಳ್ಳುವ ಕಡೆ ಉಳಿಸಿಕೊಳ್ಳಿ. 'ರೆಝುಮೆ' ಚಿಹ್ನೆ ಕಳೆದುಕೊಂಡರೆ 'ಮುಂದುವರಿಸು' ಎಂಬ ಕ್ರಿಯಾಪದ, 'ಎಕ್ಸ್‌ಪೋಝೇ' ಕಳೆದುಕೊಂಡರೆ 'ಬಯಲು ಮಾಡು'. ರಸಜ್ಞ ಎಂಬರ್ಥದ 'ಕಾನಸರ್' ಪದದಲ್ಲಿ ಇಂಗ್ಲಿಷ್ ಉಳಿಸಿಕೊಂಡ ಓ ಮತ್ತು ಐ ಹಳೆಯ ಫ್ರೆಂಚ್ ಕಾಗುಣಿತ. ಫ್ರೆಂಚ್ ಅಕಾಡೆಮಿಯ ನಿಘಂಟು 1835ರಲ್ಲಿ ಅಂಥ ಕಡೆ ಓ ಬದಲು ಎ ಅಕ್ಷರಕ್ಕೆ ಹೋಯಿತು, ಇಂಗ್ಲಿಷ್ ಹೋಗಲಿಲ್ಲ. ಹಾಗಾಗಿ ಇಂಗ್ಲಿಷ್ ಬರಹದಲ್ಲಿ ಅದನ್ನು ತಿದ್ದಬೇಡಿ.

ಓರೆ ಅಕ್ಷರ ಬೇಕೇ ಎಂಬುದಕ್ಕೆ ಷಿಕಾಗೋ ಶೈಲಿ ಕೈಪಿಡಿಯ ಅಳತೆ ಅನುಕೂಲದ್ದು: ಪದ ಮೆರಿಯಮ್ ವೆಬ್‌ಸ್ಟರ್ ಇಂಗ್ಲಿಷ್ ನಿಘಂಟಿನಲ್ಲಿದ್ದರೆ ಸಾಮಾನ್ಯವಾಗಿ ನೇರ ಅಕ್ಷರ, ಇಲ್ಲದಿದ್ದರೆ ಓರೆ.

ಚಿಹ್ನೆ ಮೂಡಿಸುವುದು ಕಷ್ಟವಿಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಹಿಡಿದು ಬಲಗಡೆಯ ಅಂಕಿಗಳಲ್ಲಿ 0233 ಹೊಡೆದರೆ ಇ ಮೇಲೆ ಬಲಕ್ಕೆ ಏರುವ ಗೆರೆ, 0232 ಆದರೆ ಎಡಕ್ಕೆ ಏರುವ ಗೆರೆ, 0234 ಆದರೆ ಟೋಪಿ, 0224 ಆದರೆ 'ವೀಝ್ ಆ ವೀ'ಯ ನಡುವಿನ ಎ, 0231 ಆದರೆ ಫಸಾಡ್ ಪದಕ್ಕೆ ಬೇಕಾದ ಬಾಲವಿರುವ ಸಿ. ಮೊದಲ ಸೊನ್ನೆ ಬಿಟ್ಟರೆ ಬೇರೆ ಅಕ್ಷರ ಬರುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಜೊತೆ ಇ ಒತ್ತಿ ಬಿಟ್ಟು, ಮತ್ತೆ ಇ ಒತ್ತಬೇಕು. ಬಾಲದ ಸಿಗೆ ಆಪ್ಷನ್ ಜೊತೆ ಸಿ ಒತ್ತಿದರಾಯಿತು. ಫೋನಿನಲ್ಲಿ ಅಕ್ಷರದ ಮೇಲೆ ಬೆರಳನ್ನು ತುಸು ಹೊತ್ತು ಒತ್ತಿಹಿಡಿದರೆ ಎಲ್ಲ ರೂಪಗಳೂ ಮೇಲೆ ತೆರೆದುಕೊಳ್ಳುತ್ತವೆ.